ಮೇಡಂ ಕೂಡಿಟ್ಟ ಬೀಸುವ ಪದಗಳು

ನಮ್ಮ ಕನ್ನಡ ಮೇಡಂ ಬಲಗೈ ತೋರುಬೆರಳಿನ ಉಗುರು ಸದಾ ಸವೆದು ಮೊಂಡಾಗಿರುತ್ತಿತ್ತು. ಹೊಸದುರ್ಗದ ಕಾಲೇಜಿನ ಕಂಪ್ಯೂಟರಿಗೆ ಆ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಹಳ್ಳಿಯ ಅಜ್ಜಿಯರ ಬೀಸುವ ಪದಗಳನ್ನೆಲ್ಲ ಸೇರಿಸಿದ್ದರು. 'ತವರು' ಎಂದು ಒತ್ತಿದರೆ ಸಾಕು, ತವರಿನ ಪದಗಳೆಲ್ಲ ಎದುರಿಗೆ ಬರುತ್ತಿದ್ದವು. "ನೋಡಪ್ಪ, ನಿಮ್ಮಜ್ಜಿ ಬಂದ್ರು!" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಮಾಡದಕೆರೆಯ ನಮ್ಮಜ್ಜಿ ಹಾಡುತ್ತಾಳೆಂಬುದೇ ನನಗೆ ಗೊತ್ತಾದದ್ದು ಹಾಗೆ.

ಮೇಡಂ ಮಹಾ ಜಿಪುಣಿ. ಒಂದೂರಿನ ಪದ ಟೈಪಾಯಿತೋ, ಅದನ್ನು ಹಾಡಿಸಿ ತುಂಬಿಕೊಂಡಿದ್ದ ಕ್ಯಾಸೆಟ್ಟಿನ ಮೇಲೇ ಇನ್ನೊಂದೂರಿನದನ್ನು ತುಂಬುತ್ತಿದ್ದರು. ಜಾಗ ಸಾಲದೆಂದು ಪದಗಳನ್ನು ಟೈಪು ಮಾಡಿದ್ದ ಮೂಲ ಫೈಲುಗಳನ್ನೂ ಕಂಪ್ಯೂಟರಿನಿಂದ ಅಳಿಸಿದ್ದರು. "ಹುಡುಕಿದ್ರೆ ಸಿಗ್ತೈತಲ್ಲ, ಎರಡೆರಡು ಯಾಕೆ?" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಪದಗಳನ್ನು ಹುಡುಕಿಕೊಡುವ ಸರ್ವರ್ ತಂತ್ರಾಂಶಕ್ಕೆ ಹೊಸ ಆವೃತ್ತಿ ಹಾಕಿದರು. ಅದು ಶುರುವೇ ಆಗಲಿಲ್ಲ. ಎಷ್ಟು ಸಲ ಆನ್ ಮಾಡಿದರೂ ಪರದೆಯ ಮೇಲೆ ತಪ್ಪು ತೋರಿಸುವ ಅದೇ ಕೆಂಪು ಸಾಲು. ಚಿತ್ರದುರ್ಗದಿಂದ ಬಂದ ಕಂಪ್ಯೂಟರಿನವನು, "ಹಳೇ ಇಂಡೆಕ್ಸು, ಅಂದ್ರೆ ಹುಡುಕೋ ಪಟ್ಟಿ, ಹೊಸದಕ್ಕೆ ಓದಾಕೆ ಬರಲ್ಲ ಮೇಡಂ. ಮೂಲ ಫೈಲಿಂದ ಮತ್ತೆ ಕಟ್ಬೇಕು. ಎಲ್ಲಿ ಅವೆ, ಕೊಡ್ರಿ" ಎಂದ. "ಅಳಿಸ್ಬಿಟ್ಟೀನಪ್ಪ" ಎಂದರು ಮೇಡಂ. ಹಳೆಯ ಆವೃತ್ತಿಯನ್ನೇ ಮರಳಿ ಹಾಕಿ ನೋಡಿದ. ಅಷ್ಟರಲ್ಲಿ ಆ ಇಂಡೆಕ್ಸೂ ಕೆಟ್ಟು, ಒಳಗಿದ್ದ ಪದಗಳೆಲ್ಲ ಹೋಗಿದ್ದವು.

ಮರುದಿನವೇ ನನ್ನನ್ನು ಎಳೆದುಕೊಂಡು ಮಾಡದಕೆರೆ ಬಸ್ಸು ಹತ್ತಿದರು. ಅಜ್ಜಿಗೆ ಆಗಲೇ ಮೈಯಲ್ಲಿ ಕಸುವಿರಲಿಲ್ಲ. "ಈಗೀಗ ಬೀಸೋ ಕಲ್ಲಿನ ಗೂಟ ಹಿಡೀದೆ ಪದ ಬಾಯಿಗೆ ಬರಲ್ಲ ಕಣವ್ವ" ಎಂದಳು. ಹಿಟ್ಟಿನ ಮಿಲ್ಲು ಬಂದ ಮೇಲೆ ಬೀಸುವ ಕಲ್ಲು ಯಾರ ಮನೆಯಲ್ಲಿತ್ತು? ಬಿಟ್ಟಾರೆಯೇ ನಮ್ಮ ಮೇಡಂ! ಕೇರಿಯೆಲ್ಲ ಅಲೆದು, ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಬೀಸುವ ಕಲ್ಲನ್ನು ಹೊರಿಸಿ ತಂದರು. ಗೂಟವಿಲ್ಲದ ತೂತಿಗೆ ಲಟ್ಟಣಿಗೆ ಸಿಕ್ಕಿಸಿ, ಅಜ್ಜಿಯ ಕೈಮೇಲೆ ಕೈಯಿಟ್ಟು ತಾವೇ ತಿರುಗಿಸಿದರು.

"ತವರಿನ ಬಾಗ್ಲಾಗೆ ಕುಂತೋಳೆ ನಮ್ಮವ್ವ,
ಎದ್ದು ಬಾರಂದ್ರೆ ನಗುತಾಳೆ..."

ಅಲ್ಲಿಗೇ ನಿಂತಿತು. ಮತ್ತೆ ಮೊದಲಿಂದ, ಮತ್ತೆ ಅಲ್ಲಿಗೇ. ಮೂರನೆಯ ಸಾಲು ಬರಲಿಲ್ಲ. "ಸುಸ್ತಾತು ತಾಯಿ" ಎಂದು ಅಜ್ಜಿ ಗೋಡೆಗೊರಗಿದಳು.

ಮುಂದಿನ ಯುಗಾದಿಗೆ ಮುಂಚೆ ಅಜ್ಜಿ ತೀರಿಕೊಂಡಳು. ಮಣ್ಣಿಗೆ ಬಂದ ಮೇಡಂ ಆ ಎರಡು ಸಾಲು ಹೇಳಿ, "ಮುಂದಿಂದು ಯಾರಿಗಾದ್ರೂ ಬರ್ತೈತೇನ್ರವ್ವ?" ಎಂದು ಅಲ್ಲಿ ಕುಳಿತ ಹೆಂಗಸರನ್ನೆಲ್ಲ ಕೇಳಿದರು. ಯಾರಿಗೂ ಬರಲಿಲ್ಲ. "ನಿಮ್ಮಜ್ಜಿನ ನನ್ನ ಕೈಯಾರೆ ಕಳೆದೆ ಕಣಪ್ಪ" ಎಂದು ನನ್ನ ಹೆಗಲು ಹಿಡಿದು ಅತ್ತರು. ಹಾಡು ಎಂದು ನಮ್ಮಜ್ಜಿಯನ್ನು ಕೇಳಿದವರೇ ಅವರೊಬ್ಬರು. ಮನೆಯವರಾದ ನಾವ್ಯಾರೂ ಕೇಳಿರಲಿಲ್ಲ.

ಈಗ ಮೇಡಮ್ಮೂ ಇಲ್ಲ. ಮಗಳನ್ನು ಮಲಗಿಸುವಾಗ ಆ ಎರಡು ಸಾಲು ಹೇಳುತ್ತೇನೆ.

"ಆಮೇಲೆ ಏನಾತಪ್ಪ, ಆ ಅವ್ವ ಎದ್ದು ಬಂದ್ಲಾ?" ಎನ್ನುತ್ತಾಳೆ.

ಮತ್ತೆ ಮೊದಲಿಂದ ಶುರು ಮಾಡುತ್ತೇನೆ.