ತಂದೆ ಇಲ್ಲದವರ ವಜೀಫಾ

ಅಪ್ಪ ಬದುಕಿದ್ದಾಗಲೇ ನಾನು ಅವ್ವನನ್ನು ವಿಧವೆ ಮಾಡಿದೆ. ಎಂ.ಎ. ಓದಲು ಸಿಗುತ್ತಿದ್ದ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಕೈತಪ್ಪಬಾರದೆಂದು ಮಾಡಿದೆ. ಬೇರೆ ಕಾರಣವೂ ಇತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ — ಇರಲಿಲ್ಲ.

ಅವ್ವ ತೀರಿಕೊಂಡು ಇವತ್ತಿಗೆ ಒಂಬತ್ತು ದಿನ. ನನ್ನ ಓದೆಲ್ಲ ಉರ್ದುವಿನಲ್ಲಿ ನಡೆದದ್ದು. ಕನ್ನಡ ಬರೆಯಲು ಸರಿಯಾಗಿ ಕಲಿತದ್ದು ಮಾಸ್ತರಿಕೆಗೆ ಸೇರಿದ ಮೇಲೆ. ಸಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಮುಪ್ಪಾದವನು, ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಬಂದಿದ್ದರೆ ಇದನ್ನೂ ಚೆಂದ ಮಾಡಿಬಿಡುತ್ತಿದ್ದೆನೇನೋ.

ನಮ್ಮೂರು ಭಾಲ್ಕಿ ತಾಲ್ಲೂಕಿನ ಹಲಬರ್ಗಾ. ಅಪ್ಪನಿಗೆ ಅಲ್ಲಿ ಕಿರಾಣಿ ಅಂಗಡಿ. ರಜಾಕಾರರ ಹಾವಳಿ ಜೋರಾಗಿದ್ದ ಬೇಸಿಗೆಯಲ್ಲಿ ಅಂಗಡಿಗೆ ಬೆಂಕಿ ಬಿತ್ತು. ಆವತ್ತು ಸಂಜೆ ಅಪ್ಪ ಊರು ಬಿಟ್ಟು ಓಡಿದ — ಒಬ್ಬನೇ. ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ನಾನೂ ಅವ್ವನೂ ಮನೆಯೊಳಗೆ ಅಡಗಿದ್ದೆವು. ಅಪ್ಪ ಬರ್ತೇನಿ ಎಂದೂ ಹೇಳಲಿಲ್ಲ, ಬರ್ರಿ ಎಂದೂ ಕರೆಯಲಿಲ್ಲ. ಎರಡು ವಾರದ ಮೇಲೆ ಊರಿನವರೊಬ್ಬರು ಬಂದು, ಔರಾದ ದಾರಿಯ ಹಳ್ಳದಲ್ಲಿ ಒಂದು ಹೆಣ ಬಿದ್ದಿತ್ತು, ಮುಖ ಗುರುತು ಹತ್ತಲಿಲ್ಲ, ರುಮಾಲು ಮಾತ್ರ ನಿಮ್ಮ ಯಜಮಾನರದೇ ಎಂದರು. ಅವ್ವ ಗೋಡೆಗೆ ಕೈ ಬಡಿದು ಬಳೆ ಒಡೆದುಕೊಂಡಳು. ತಾಳಿ ತೆಗೆದಿಟ್ಟಳು. ಆಗ ನಾನು ಅತ್ತದ್ದು ನಿಜ. ಅದೊಂದು ನಿಜ.

ಪೊಲೀಸ್ ಕಾರ್ಯಾಚರಣೆ ಆಯಿತು. ಮೊದಲು ಒಬ್ಬರ ಮನೆಗಳು ಸುಟ್ಟಿದ್ದವು, ಈಗ ಇನ್ನೊಬ್ಬರವು ಸುಟ್ಟವು. ನಾವು ಹಲಬರ್ಗಾ ಬಿಟ್ಟು ಬೀದರಿನ ಅಂಚಿಗಿದ್ದ ನೌಬಾದಿನಲ್ಲಿ ಒಂದು ಖೋಲಿ ಹಿಡಿದೆವು. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಅವ್ವ ಬೇರೆಯವರಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ನಾನು ಬಿ.ಎ. ಮುಗಿಸಿದೆ. ಗಲಭೆಯಲ್ಲಿ ತಂದೆಯನ್ನು ಕಳೆದುಕೊಂಡು ಎಂ.ಎ. ಓದುವ ಹುಡುಗರಿಗೆ ಒಂದು ವಜೀಫಾ ಇದೆ ಎಂದು ಕಾಲೇಜಿನಲ್ಲಿ ತಿಳಿಯಿತು. ದರ್ಖಾಸ್ತು ಬರೆದೆ. ಅಪ್ಪನ ಹೆಸರಿನ ಮುಂದೆ 'ಮರಹೂಮ್', ಅಂದರೆ ದಿವಂಗತ, ಎಂದು ಸೇರಿಸಿದೆ. ಬರೆಯುವಾಗ ಅದು ಸುಳ್ಳಾಗಿರಲಿಲ್ಲ. ಅವನು ಸತ್ತಿದ್ದಾನೆಂದೇ ತಿಳಿದಿದ್ದೆ.

ವಜೀಫಾ ಮಂಜೂರಾಯಿತು. ಹೈದರಾಬಾದಿನಲ್ಲಿ ಎಂ.ಎ. ತರಗತಿಗೆ ಕೂತೆ. ದಸರೆಯ ರಜೆಗೆ ನೌಬಾದಿಗೆ ಬಂದಿದ್ದಾಗ, ಒಂದು ಮಧ್ಯಾಹ್ನ ಅಪ್ಪ ಬಾಗಿಲಿಗೆ ಬಂದು ನಿಂತ.

ಸೋಲಾಪುರದ ಕಡೆ ಹೋಗಿದ್ದನಂತೆ. ಜ್ವರ ಹಿಡಿದು ಮಲಗಿದ್ದನಂತೆ. ಆಮೇಲೆ ಗಿರಣಿಯಲ್ಲಿ ಕೆಲಸಕ್ಕಿದ್ದನಂತೆ. ಯಾವ ಮುಖ ಹೊತ್ತು ಬರಲಿ ಎಂದು ತಡಮಾಡಿದನಂತೆ. ರುಮಾಲು ದಾರಿಯಲ್ಲೆಲ್ಲೋ ಬಿದ್ದುಹೋಯಿತಂತೆ. ಅವ್ವ ಅಷ್ಟನ್ನೂ ಕೇಳಲಿಲ್ಲ. ಅವನ ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಸಂಜೆಯೊಳಗೆ ತಾಳಿ ಕಟ್ಟಿಸಿಕೊಂಡು, ಹಸಿರು ಬಳೆ ಇಟ್ಟುಕೊಂಡು ನಗುತ್ತ ರೊಟ್ಟಿ ಬಡಿದಳು. ನಾನು ಅವರಿಬ್ಬರನ್ನೂ ನೋಡುತ್ತ ಕೂತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು — ವಜೀಫಾ ಹೋಯಿತು.

ಒಂದು ಕಾಗದ ಬರೆದು, ತಂದೆ ಮರಳಿ ಬಂದಿದ್ದಾರೆ ಎಂದು ತಿಳಿಸಿದ್ದರೆ ಮುಗಿಯುತ್ತಿತ್ತು. ಹಿಂದಿನದಕ್ಕೆ ಯಾರೂ ನನ್ನನ್ನು ತಪ್ಪಿತಸ್ಥನೆನ್ನುತ್ತಿರಲಿಲ್ಲ. ಎಂ.ಎ. ನಿಲ್ಲುತ್ತಿತ್ತು, ಅಷ್ಟೇ. ಅಷ್ಟೇ ಎಂದು ಈಗ ಬರೆಯುತ್ತಿದ್ದೇನೆ — ಆಗ ಅದು ಅಷ್ಟೇ ಆಗಿರಲಿಲ್ಲ. ನಮ್ಮನ್ನು ಬಿಟ್ಟು ಓಡಿದವನು ಈಗ ಬಂದು ನನ್ನ ಓದನ್ನೂ ಕಿತ್ತುಕೊಳ್ಳುತ್ತಿದ್ದಾನೆ ಅನ್ನಿಸಿತು. ಅವನು ಹಳ್ಳದಲ್ಲಿ ಬಿದ್ದಿದ್ದರೇ — ಹೌದು, ಹಾಗೂ ಅಂದುಕೊಂಡೆ.

ಆ ವಜೀಫಾ ವರ್ಷಕ್ಕೊಮ್ಮೆ ಮುಂದುವರಿಯಬೇಕಾದರೆ ತಹಶೀಲಿನ ಗಿರ್ದಾವರ, ಅಂದರೆ ಕಂದಾಯ ಅಧಿಕಾರಿ, ಮನೆಗೇ ಬಂದು ವಿಚಾರಣೆ ಮಾಡಬೇಕಿತ್ತು. ಹುಡುಗನ ತಾಯಿಯನ್ನು ಕಣ್ಣಾರೆ ನೋಡಿ, ಈಕೆ ವಿಧವೆ, ಬೇರೆ ಆಸರೆಯಿಲ್ಲ ಎಂದು ಬರೆದು ಕಳಿಸಬೇಕು. ಬೇಸಿಗೆಯ ಕೊನೆಗೆ, ಇಂಥ ವಾರದಲ್ಲಿ ಬರುತ್ತಾರೆ ಎಂದು ತಿಳಿದ ದಿನ ಅಪ್ಪನಿಗೆ ಹೇಳಿದೆ.

"ನಾಕ ದಿನ ಔರಾದಿಗಿ ನಿನ್ನ ತಂಗಿ ಮನಿಗಿ ಹೋಗಿ ಇರು. ಅವ್ವ ಆ ದಿನದ ಮಟ್ಟಿಗಿ ತಾಳಿ ತಗೀಲಿ."

ಅಪ್ಪ ನನ್ನ ಕಡೆ ತಿರುಗಿದ. "ಅಂದ್ರ ನಾ ಸತ್ತೀನಿ ಅಂತ ಬರದೀ?"

"ಬರದಾಗ ನೀ ಸತ್ತಿದ್ದಿ."

"ಈಗ?"

"ಈಗ ಬಂದೀ. ಒಂದೂವರಿ ವರ್ಷ ಎಲ್ಲಿದ್ದಿ? ಒಂದ ಕಾಗದ ಹಾಕ್ಲಿಕ್ಕ ಕೈ ಮುರ್ದಿತ್ತೇನು? ಇನ್ನೊಂದ ನಾಕ ದಿನ ಸತ್ರ ನಿನಗೇನು?"

ಅಪ್ಪ ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿ ಎಂದೇ ಮುಖ ಮುಂದೆ ಮಾಡಿದೆ. ಅವ್ವ ನಡುವೆ ಬಂದಳು. "ಬಿಡ್ರಿ, ನಾಕ ದಿನ ಅಲಾ. ಹುಡುಗನ ಸಾಲಿ ಮಾತು. ತಗದ್ರಾತು, ಮತ್ತ ಹಾಕ್ಕೊಂಡ್ರಾತು" ಎಂದಳು. ಅವಳಿಗೆ ಅದು ಹಾಗೆಯೇ ಕಂಡಿತ್ತು. ಅಥವಾ ಹಾಗೆ ಕಂಡಂತೆ ನಮ್ಮಿಬ್ಬರಿಗಾಗಿ ಹೇಳಿದಳೋ — ಕೇಳಲು ಈಗ ಅವಳಿಲ್ಲ.

ಗೊತ್ತಾದ ದಿನ ಬೆಳಿಗ್ಗೆ ಅವ್ವ ತಾಳಿ ತೆಗೆದು, ಬಳೆ ತೆಗೆದು, ಕುಂಕುಮ ಅಳಿಸಿಕೊಂಡಳು. ಅಪ್ಪ ಗಂಟು ಕಟ್ಟುತ್ತಿದ್ದ, ಬಸ್ಸಿಗೆ ಇನ್ನೂ ಹೊತ್ತಿತ್ತು. ಗಿರ್ದಾವರ ಸಾಹೇಬರು ಮಧ್ಯಾಹ್ನ ಬರುವವರು ಆಗಲೇ ಬಂದುಬಿಟ್ಟರು. ವಯಸ್ಸಾದವರು, ಮೆಲುಮಾತಿನವರು. ಬಾಗಿಲಲ್ಲೇ ಕಾಲ್ಮರಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ಅವ್ವ ಸೆರಗು ಹೊದ್ದು ಗೋಡೆಗೆ ಒರಗಿ ಕೂತಳು.

"ಇವ್ರು ಯಾರ್ರಿ?" ಸಾಹೇಬರು ಅಪ್ಪನನ್ನು ತೋರಿಸಿ ಕೇಳಿದರು.

ಅಪ್ಪನೇ ಹೇಳಿದ: "ನಾ ಈಕಿ ಅಣ್ಣ ಅದೀನ್ರಿ. ಔರಾದಿನಾಂವ."

"ಹಂಗಾರ ನಿಮಗ ಗೊತ್ತಿರ್ತದ. ಯಜಮಾನ್ರು ಹ್ಯಾಂಗ ತೀರ್ಕೊಂಡ್ರು?"

ಅಪ್ಪ ಗಂಟನ್ನು ಬದಿಗಿಟ್ಟು, ನನ್ನ ಎದುರಿಗೇ ಚಕ್ಕಂಬಕ್ಕಳ ಹಾಕಿ ಕೂತ. "ಓಡ್ಕೋತ ಹೋಗಿ ಸತ್ತರಿ, ಸಾಹೇಬ್ರ. ಅಂಜುಬುರುಕ ಇದ್ದ. ಅಂಗಡಿಗಿ ಬೆಂಕಿ ಹತ್ತಿದ್ರ ಹೆಂಡ್ತಿ ಮಗನ್ನ ಬಿಟ್ಟು ಓಡಿದ್ರಿ. ಹಳ್ಳದಾಗ ಬಿದ್ದ. ನಾಯಿ ನರಿ ತಿಂದ್ವು, ಮಾರಿ ಸುದ್ದಾ ಉಳೀಲಿಲ್ಲ."

"ತೋಬಾ, ತೋಬಾ" ಎಂದರು ಸಾಹೇಬರು. "ಸತ್ತವ್ರಿಗಿ ಹಂಗ ಅನಬ್ಯಾಡ್ರಿ."

"ಅನ್ಬೇಕ್ರಿ. ಅಂಥಾಂವ ಸತ್ತಿದ್ದೇ ಚಲೋ ಆಯ್ತು. ಬೇಕಾದ್ರ ಮಗನ್ನ ಕೇಳ್ರಿ. ಏನೋ ತಮ್ಮಾ, ಚಲೋ ಆಯ್ತಲ್ಲ?"

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆ ಆಡಿಸಿದೆ.

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಗಂಡ ಸತ್ತ ದುಃಖವೆಂದು ಸಾಹೇಬರು ತಿಳಿದರು. ಹೆಚ್ಚು ಕೇಳದೆ ವರದಿ ಬರೆದರು. ಸಾಕ್ಷಿಗೆ ಹತ್ತಿರದ ನೆಂಟರೊಬ್ಬರ ರುಜು ಬೇಕೆಂದರು. ಅಪ್ಪ ಲೇಖನಿ ಇಸಿದುಕೊಂಡು, ನನ್ನ ಸೋದರಮಾವನ ಹೆಸರಿನಲ್ಲಿ, ತಾನು ಸತ್ತಿದ್ದೇನೆಂದು ರುಜು ಹಾಕಿದ.

ಸಾಹೇಬರು ಹೋದ ಮೇಲೆ ಗಂಟು ಎತ್ತಿಕೊಂಡ. "ನಾಕ ದಿನದ ಮಾತಿಲ್ಲೋ ಇದು. ನಾ ಸತ್ತಿದ್ದ ನಾನೇ ರುಜು ಹಾಕಿ ಕೊಟ್ಟೀನಿ. ಓದು, ದೊಡ್ಡಾಂವಾಗು" ಎಂದ. ಅವ್ವನ ಕಡೆ ನೋಡಲಿಲ್ಲ. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲವೇನೋ.

ಇಲ್ಲಿಯವರೆಗಿನದನ್ನು ಯಾರಾದರೂ ಕ್ಷಮಿಸಬಹುದು. ಮುಂದಿನದನ್ನು ಕ್ಷಮಿಸಲು ಸಾಧ್ಯವಿಲ್ಲ.

ಅವ್ವ ಕಣ್ಣೊರೆಸಿಕೊಂಡು, ಮುಖ ತೊಳೆದು, ತಾಳಿ ಕೈಗೆತ್ತಿಕೊಂಡಳು. ಗಂಡ ಸಿಟ್ಟಿನಲ್ಲಿ ಹೋಗಿದ್ದಾನೆ, ನಾಲ್ಕು ದಿನಕ್ಕೆ ತಣ್ಣಗಾಗಿ ಬರುತ್ತಾನೆ ಎಂದು ಅವಳ ಎಣಿಕೆ. ನಾನು ಪುಸ್ತಕ ಜೋಡಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಇರ್ಲಿ ಬಿಡವ್ವಾ. ಬರೋ ವರ್ಷ ಮತ್ತ ತಗೀಬೇಕಲ್ಲ."

ಅವ್ವ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಳು. ಆಮೇಲೆ ಅದು ಎಲ್ಲಿಗೆ ಹೋಯಿತೋ — ನಾನು ಮತ್ತೆ ನೋಡಲಿಲ್ಲ.

ಅಪ್ಪ ಬರಲಿಲ್ಲ. ಔರಾದಿಗೆ ಕರೆದುಕೊಂಡು ಹೋಗೆಂದು ಅವ್ವ ಎರಡು ಸಲ ಕೇಳಿದಳು. ಪರೀಕ್ಷೆ ಮುಗಿಯಲಿ ಎಂದೆ. ಯಾರಾದರೂ ನೋಡಿ ವಜೀಫಾದವರಿಗೆ ಬರೆದರೆ ಎಂಬ ಅಂಜಿಕೆ. ಎಂ.ಎ. ಮುಗಿಯಿತು. ಆಗ ನೌಕರಿಯ ಅರ್ಜಿ — ಅದರಲ್ಲೂ ತಂದೆ ತೀರಿಕೊಂಡಿದ್ದಾರೆ ಎಂದೇ ಬರೆದೆ. ಕೆಲಸ ಸಿಕ್ಕ ದಿನ ಪೇಢೆ ತಂದು, "ಅವ್ವಾ, ಇನ್ನ ತಾಳಿ ಹಾಕ್ಕೋ" ಎಂದೆ. ಪೇಢೆಯ ಜೊತೆ ಕೊಡುವ ಇನಾಮಿನಂತೆ.

"ಯಾರ ಹೆಸರ್ಲೆ ಹಾಕ್ಕೊಳ್ಲೋ?" ಎಂದಳು. ಅಷ್ಟೇ. ಮೂರನೆಯ ಸಲ ಔರಾದಿನ ಮಾತು ತೆಗೆಯಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರುವ ಮೊದಲಿನ ಚಳಿಗಾಲದಲ್ಲಿ, ಅಪ್ಪ ತೀರಿಕೊಂಡ ಸುದ್ದಿ ಬಂತು. ಅವ್ವನನ್ನು ಕರೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ತಡೆದಳು.

"ಬರ್ರಿ, ಎಂ.ಎ. ಸಾಹೇಬ್ರ. ಸತ್ತಾಂವ ಮತ್ತ ಸತ್ತಾನ. ಇದಕ್ಕೂ ಏನರ ವಜೀಫಾ ಬರ್ತದೇನು?" ಎಂದವಳು ಅವ್ವನ ಕಡೆ ತಿರುಗಿ ದನಿ ಇಳಿಸಿದಳು. "ವೈನಿ, ನೀ ಒಳಗ ಬಾ. ದಿನಾ ದಾರಿ ನೋಡ್ದ, ನೀ ಬರ್ಲೇ ಇಲ್ಲ."

ನಮ್ಮ ಪದ್ಧತಿಯಂತೆ ಅಪ್ಪನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಓಣಿಯ ಹೆಂಗಸರು ಅವ್ವನ ಬಳೆ, ತಾಳಿ ತೆಗೆಸಲು ಸುತ್ತ ಬಂದು ಕೂತರು. ಒಬ್ಬಾಕೆ ಅವ್ವನ ಸೆರಗು ಸರಿಸಿ ನೋಡಿ, ಗಟ್ಟಿಯಾಗಿಯೇ ಕೇಳಿದಳು: "ಈಕಿ ಕೊಳ್ಳಾಗ ಏನೂ ಇಲ್ಲಲ್ಲ. ಏನ್ ತಗೀಬೇಕು?"

ಅವ್ವ ಆಗಲೂ ನನ್ನ ಹೆಸರು ಹೇಳಲಿಲ್ಲ. ಕುಣಿಗೆ ಮಣ್ಣು ಹಾಕುವಾಗ ಅತ್ತೆಯ ಮಗ ಮುಂದೆ ನಿಂತ, ನನ್ನನ್ನು ಯಾರೂ ಕರೆಯಲಿಲ್ಲ. ಕರೆಯದಿದ್ದದ್ದು ಸರಿ.

ಆ ಮೇಲೆ ಅವ್ವ ಮೂವತ್ತು ವರ್ಷ ನನ್ನ ಮನೆಯಲ್ಲಿ ಬಾಳಿದಳು. ನನ್ನ ಮದುವೆ ಮಾಡಿದಳು, ನನ್ನ ಮಗನನ್ನು ಆಡಿಸಿದಳು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಅವಳನ್ನು ಮಣ್ಣು ಮಾಡಿದ ದಿನ ಬಂದವರೆಲ್ಲ ಒಂದೇ ಮಾತು ಹೇಳಿದರು — ಗಲಾಟೆಯಲ್ಲಿ ಗಂಡನನ್ನು ಕಳೆದುಕೊಂಡರೂ ಎದೆಗೆಡದೆ ಮಗನನ್ನು ಎಂ.ಎ. ಓದಿಸಿದ ತಾಯಿ. ನಾನು ಕೈ ಮುಗಿಯುತ್ತ ನಿಂತಿದ್ದೆ. ಅವಳ ಹೆಣದ ಪಕ್ಕದಲ್ಲಿ ನಿಂತೂ ತಲೆ ಆಡಿಸಿದೆ.

ನಿನ್ನೆ ಸಂಜೆ ನನ್ನ ಮಗ ಅವ್ವನ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ಕರೆಯೋಲೆ ಬರೆದು ತಂದಿದ್ದ. ಅವನಿಗೆ ಗೊತ್ತಿರುವುದೂ ಆ ಕತೆಯೇ, ಹೇಳಿದವನು ನಾನೇ. "ಅಪ್ಪಾ, ರಜಾಕಾರರು ಅಜ್ಜನ್ನ ಕೊಂದಿದ್ದು ಯಾವ ಊರಾಗ? ಅಜ್ಜಿ ಹೆಸರಿನ ಕೆಳಗ ಅದನ್ನೂ ಹಾಕಬೇಕಂತೀನಿ" ಎಂದು ಕೇಳಿದ. ನೆನಪು ಮಾಡಿಕೊಂಡು ಹೇಳುತ್ತೇನೆ ಎಂದೆ.

ಓಲೆ ನಾಳೆ ಅಚ್ಚಿಗೆ ಹೋಗುತ್ತದೆ. ಅದಕ್ಕೂ ಮೊದಲು ಈ ಹಾಳೆಗಳನ್ನು ಅವನ ಕೈಗೆ ಕೊಡುತ್ತೇನೆ. ಅಜ್ಜ ಸತ್ತದ್ದು ಔರಾದಿನಲ್ಲಿ, ತಂಗಿಯ ಮನೆಯಲ್ಲಿ, ಹೆಂಡತಿಯ ದಾರಿ ನೋಡುತ್ತ ಎಂದು ಹೇಳುತ್ತೇನೆ. ಕೊಂದವರು ಯಾರೆಂದು ಅವನು ಕೇಳುವುದಿಲ್ಲ — ಓದಿರುತ್ತಾನೆ.