ಹನ್ನೊಂದು ಕಿಲೋ ಚಿಂದಿ

ಶಿಗ್ಗಾವಿಯ ಹೊರಗೆ, ಹೆದ್ದಾರಿ ಬದಿಯ ಹೊಲಿಗೆ ಕಾರ್ಖಾನೆಯಲ್ಲಿ ನನಗೆ ಮೊದಲು ಸಿಕ್ಕಿದ್ದು ಹಾಜರಿ ಬರೆಯುವ ಕೆಲಸ. ಎರಡನೆಯ ವರ್ಷದ ಜೂನ್‌ನಲ್ಲಿ ಕಸ ತೂಗುವ ಕೆಲಸಕ್ಕೆ ಹಾಕಿದರು. ನಮ್ಮ ಟೀ ಶರ್ಟುಗಳನ್ನು ಕೊಳ್ಳುವ ಹೊರದೇಶದ ಕಂಪನಿ, ಕತ್ತರಿಸಿ ಉಳಿದ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಕೇಳಿತ್ತು. ಅಲ್ಲಿಯವರೆಗೆ ಅದಕ್ಕೆ ಲೆಕ್ಕವೇ ಇರಲಿಲ್ಲ. ಕಟಿಂಗ್ ವಿಭಾಗದ ಚಿಂದಿಯನ್ನು ಹಿಂದಿನ ಗೋಡೆಯಾಚೆ ಸುರಿಯುತ್ತಿದ್ದರು. ಒಂದಷ್ಟನ್ನು ಸುಡುತ್ತಿದ್ದರು. ಇನ್ನೊಂದಷ್ಟನ್ನು ಹೆಂಗಸರು ಗಂಟು ಕಟ್ಟಿಕೊಂಡು ಕೌದಿ ಹೊಲಿಯಲು ಮನೆಗೆ ಒಯ್ಯುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ.

ಜೂನ್ ಮೊದಲ ಸೋಮವಾರದಿಂದ ಎಲ್ಲವೂ ಬದಲಾಯಿತು. ಬಿಳಿ, ಬಣ್ಣ, ಮಿಶ್ರ ಎಂದು ಮೂರು ಬಗೆಯ ಚೀಲಗಳು ಬಂದವು. ದಿನಾ ಸಂಜೆ ಅವುಗಳನ್ನು ಕಟಿಂಗ್ ವಿಭಾಗದಲ್ಲೇ ತೂಗಿ, ಬಾಯಿಗೆ ಹಗ್ಗ ಕಟ್ಟಿ ಇಡಬೇಕು. ಶನಿವಾರ ಲಾರಿಗೆ ಏರಿಸುವಾಗ ಮತ್ತೆ ತೂಗಬೇಕು. ಲಾರಿ ಅದನ್ನು ಹಳೆ ಬಟ್ಟೆಯಿಂದ ಮತ್ತೆ ನೂಲು ತೆಗೆಯುವ ಗಿರಣಿಗೆ ಒಯ್ಯುತ್ತದೆ. ಎರಡೂ ತೂಕ ಹೊಂದಬೇಕು. ಒಂದು ಎಳೆಯನ್ನೂ ಯಾರೂ ಹೊರಗೆ ಒಯ್ಯುವಂತಿಲ್ಲ ಎಂದು ನೋಟಿಸ್ ಹಚ್ಚಿದರು.

ನನಗೆ ಆ ಕೆಲಸ ಇಷ್ಟವಾಯಿತು. ಚಿಕ್ಕಂದಿನಿಂದ ದಿನಚರಿ ಬರೆಯುವವಳು ನಾನು. ಎಷ್ಟು ಚೀಲ, ಎಷ್ಟು ತೂಕ, ಮಳೆ ಬಂತೋ ಇಲ್ಲವೋ, ಎಲ್ಲವನ್ನೂ ಕಂಪನಿಯ ರಿಜಿಸ್ಟರಿನಲ್ಲಿ ಬರೆದು, ಮನೆಗೆ ಬಂದು ನನ್ನ ನೋಟ್‌ಬುಕ್ಕಿನಲ್ಲೂ ಬರೆಯುತ್ತಿದ್ದೆ. ಗೋಡೆಯಾಚೆಯ ಹೊಗೆ ನಿಂತ ದಿನ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಕಂಪನಿಯ ಬಸ್ಸು ಹತ್ತಿಮತ್ತೂರಿನಾಚೆಯ ನಮ್ಮೂರಿನಿಂದ ಹೊರಟು, ಸವಣೂರಿನ ಮೇಲೆ ಶಿಗ್ಗಾವಿಗೆ ಹೋಗುತ್ತಿತ್ತು. ಹತ್ತಿಮತ್ತೂರಿನಲ್ಲಿ ಏರುತ್ತಿದ್ದ ಒಬ್ಬ ಹೆಂಗಸು ಯಾವಾಗಲೂ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ವಯಸ್ಸು ನಲವತ್ತೈದರ ಮೇಲೆ. ಕಟಿಂಗ್ ವಿಭಾಗದಲ್ಲಿ ಹೆಲ್ಪರ್ ಆಗಿ ನಾಲ್ಕು ವರ್ಷವಾಗಿತ್ತು. ಗಂಡ ತೀರಿಕೊಂಡಿದ್ದ, ಅವಳು ದುಡಿದರೇ ಮನೆ ನಡೆಯಬೇಕು. ಹಿರೇಕೆರೂರಿನ ಕಡೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು.

"ಏನ್ರೀ ಚಿಂದಿ ಸಾಹೇಬ್ರ, ಇವತ್ತಿಂದು ಎಷ್ಟ ತೂಗಿತ್ರಿ?" ಎಂದು ಸಂಜೆ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದಳು.

"ನೂರಾ ಇಪ್ಪತ್ತ ಕಿಲೋ, ಅಕ್ಕಾ."

"ಅಯ್ಯ ಶಿವನ! ಅಷ್ಟರಾಗ ನಮ್ಮೂರ ಕೂಸುಗೋಳಿಗೆಲ್ಲಾ ಕೌದಿ ಆಗ್ತಿದ್ವು. ನೀ ನೋಡಿದ್ರ ಲಾರಿಗೆ ಉಣಸಾಕತ್ತಿ."

ಬಸ್ಸಿನ ತುಂಬ ನಗು. ಅದು ಸುಮ್ಮನೆ ಹೋಗುವುದಿಲ್ಲ, ಮತ್ತೆ ನೂಲಾಗುತ್ತದೆ, ನೂಲು ಮತ್ತೆ ಬಟ್ಟೆಯಾಗುತ್ತದೆ ಎಂದು ನಾನು ತಿಳಿಸಿ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, "ಹಂಗಂದ್ರ ನಾವು ಒಂದ ಸೂಜೀಲೆ ಮಾಡೂದನ್ನ ಅವರು ಡೀಸೆಲ್ ಸುಟ್ಟ ಮಾಡ್ತಾರ. ಶಾಣ್ಯಾರವಾ ನಿಮ್ಮ ಮಂದಿ," ಎಂದಳು. ಆ ಮಾತಿಗೆ ನಾನೂ ನಕ್ಕಿದ್ದೆ.

ಜುಲೈ ಮೊದಲ ವಾರ ಮಳೆ ಹಿಡಿಯಿತು. ಚೀಲಗಳನ್ನು ಇಡುತ್ತಿದ್ದ ಶೆಡ್ಡು ಸೋರತೊಡಗಿತು. ಬುಧವಾರ ನಾನೇ ಮುಂದೆ ನಿಂತು ಎಲ್ಲ ಚೀಲಗಳನ್ನು ಬಾಯ್ಲರಿನ ಪಕ್ಕದ ಕೋಣೆಗೆ ಸಾಗಿಸಿದೆ. ಅಲ್ಲಿ ಗೋಡೆ ಸಹ ಬೆಚ್ಚಗಿರುತ್ತಿತ್ತು. ಒಳ್ಳೆಯ ಜಾಗ ಹುಡುಕಿದೆ ಎಂದು ಮ್ಯಾನೇಜರ್ ಹೊಗಳಿದರು.

ಆ ಶನಿವಾರ ಮೊದಲ ಬಾರಿಗೆ ತೂಕ ಕಡಿಮೆ ಬಂತು, ಆರು ಕಿಲೋ. ಮುಂದಿನ ಶನಿವಾರ ಒಂಬತ್ತು. ಅದರ ಮುಂದಿನ ಶನಿವಾರ, ಮೂವತ್ತು ಚೀಲಗಳಿಗೆ ಹನ್ನೊಂದು. ತಕ್ಕಡಿಯನ್ನು ಎರಡು ಸಲ ಪರೀಕ್ಷಿಸಿದೆ, ಅದು ಸರಿಯಾಗಿತ್ತು.

ಮ್ಯಾನೇಜರ್ ನನ್ನ ಮುಂದೆ ಒಂದು ಫಾರಂ ಇಟ್ಟರು. ಕೊರತೆ ಎಷ್ಟು ಎಂಬ ಸಾಲನ್ನು ತುಂಬಿದೆ. ಅದರ ಕೆಳಗಿನ ಸಾಲು ಕೊರತೆಗೆ ಕಾರಣವೇನು ಎಂದು ಕೇಳುತ್ತಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆದರೆ ನನ್ನ ಲೆಕ್ಕವೇ ತಪ್ಪು ಎಂದು ಒಪ್ಪಿದಂತಾಗುತ್ತದೆ ಅನ್ನಿಸಿತು. ಬಸ್ಸಿನಲ್ಲಿ ಮೊದಲೆಲ್ಲ ಕಾಣುತ್ತಿದ್ದ ಗಂಟುಗಳು ನೆನಪಾದವು. "ಕಾರ್ಮಿಕರು ಒಯ್ದಿರಬಹುದು" ಎಂದು ಬರೆದು ಸಹಿ ಮಾಡಿದೆ.

ಸೋಮವಾರದಿಂದ ಗೇಟಿನಲ್ಲಿ ತಪಾಸಣೆ ಶುರುವಾಯಿತು. ಆ ವಾರವೇ ನಾಗರ ಪಂಚಮಿಗೆ ಎರಡು ದಿನ ರಜೆ ಇತ್ತು. ರಜೆಗೆ ಎರಡು ದಿನ ಮುಂಚೆ, ಸಂಜೆ, ಆ ಹೆಂಗಸಿನ ಬುತ್ತಿ ಡಬ್ಬಿಯ ಮೇಲಿನ ಬಟ್ಟಲಿನಲ್ಲಿ ನಾಲ್ಕು ಕೆಂಪು ಬಟ್ಟೆ ತುಂಡುಗಳು ಸಿಕ್ಕವು. ಒಂದೊಂದೂ ಅಂಗೈಯಗಲ. ಸಾಲಿನಲ್ಲಿ ಅವಳ ಹಿಂದೆಯೇ ನಾನು ನಿಂತಿದ್ದೆ.

"ಕೌದಿ ಮೂಲಿಗೆರಿ," ಎಂದು ಅವಳು ಗೇಟಿನ ಕಾವಲಿನ ಹೆಂಗಸಿಗೆ ಹೇಳಿದಳು. "ಎಲ್ಲಾ ಹೊಲ್ದ ಮುಗದೈತಿ. ಕೂಸಿನ ಕೌದಿಗೆ ನಾಲ್ಕೂ ಮೂಲಿ ಹೊಸಾ ಅರಿವೀಲೆ ಮುಚ್ಚಬೇಕಲ್ರಿ, ಖಾಲಿ ಬಿಡಬಾರದು. ನೆಲದಾಗ ಬಿದ್ದಿದ್ವು, ತಗೊಂಡೆ."

"ನೋಟಿಸ್ ಓದೀರಿಲ್ಲೋ?"

"ಓದಾಕ ಬಂದಿದ್ರ ನಾ ಯಾಕ ಇಲ್ಲಿ ಕಸ ಆರಸ್ತಿದ್ದೆ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ಬಂದ ಮೇಲೆ ನಗು ನಿಂತಿತು. ಅವರು ತುಂಡುಗಳನ್ನು ತೂಗಲು ಹೇಳಿದರು. ನಾನು ತಕ್ಕಡಿಯ ಮೇಲೆ ನಾಲ್ಕನ್ನೂ ಇಟ್ಟೆ. ಅದು ನೂರು ಗ್ರಾಮಿಗಿಂತ ಕಡಿಮೆ ತೂಕವನ್ನು ತೋರಿಸುವುದಿಲ್ಲ. ಸೊನ್ನೆ ಬಂತು. ಸೊನ್ನೆಯನ್ನು ಬರೆಯಲೇ ಎಂದು ಕೇಳಿದೆ.

"ಇವತ್ತಿನದು ಬೇಡ. ಕಳೆದ ಶನಿವಾರದ ಕೊರತೆ ಎಷ್ಟಿದೆ ಅದನ್ನು ಬರಿ," ಎಂದರು.

ಒಂದು ಕಾಗದದಲ್ಲಿ ಅವಳ ಹೆಸರಿನ ಮುಂದೆ ಹನ್ನೊಂದು ಕಿಲೋ ಎಂದು ಬರೆದೆ. ಅದರ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿದರು. ಒತ್ತುವ ಮುಂಚೆ ಅವಳು ನನ್ನತ್ತ ತಿರುಗಿ, "ಏನ ಬರದೈತಿ ತಂಗಿ ಇದರಾಗ?" ಎಂದು ಕೇಳಿದಳು. ಬಟ್ಟೆ ಸಿಕ್ಕಿದ್ದನ್ನು ಬರೆದಿದೆ ಎಂದು ಹೇಳಿದೆ. ಸಂಖ್ಯೆಯನ್ನು ಹೇಳಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದು ಅವಳಿಗೆ ಅಲ್ಲಿಯೇ ತಿಳಿಸಿದರು.

ಇದಾದ ಮೇಲೆ ಚೀಲಗಳ ಬಾಯಿಯನ್ನು ಹೊಲಿದು ಸೀಲು ಹಾಕಬೇಕೆಂದು ಆದೇಶವಾಯಿತು. ಪಂಚಮಿ ರಜೆಗೆ ಮುಂಚಿನ ಸಂಜೆ ಆರು ಚೀಲಗಳನ್ನು ತೂಗಿ, ಹೊಲಿದು, ಸೀಲು ಹಾಕಿ, ಬಾಯ್ಲರ್ ಪಕ್ಕದ ಕೋಣೆಗೆ ಬೀಗ ಹಾಕಿದೆ. ರಜೆಯಲ್ಲಿ ಕಾರ್ಖಾನೆಯಲ್ಲಿ ಇದ್ದವರು ಬಾಯ್ಲರ್ ನೋಡಿಕೊಳ್ಳುವವನು ಮತ್ತು ಗೇಟಿನ ಕಾವಲಿನವರು ಮಾತ್ರ. ಮೂರನೆಯ ದಿನ ಬೀಗ ತೆಗೆದಾಗ ಸೀಲುಗಳೆಲ್ಲ ಹಾಗೆಯೇ ಇದ್ದವು. ಸುಮ್ಮನೆ ತೂಗಿ ನೋಡಿದೆ. ಆರು ಚೀಲ ಸೇರಿ ಎರಡು ಕಿಲೋ ಇನ್ನೂರು ಗ್ರಾಂ ಕಡಿಮೆ.

ಒಂದು ಚೀಲಕ್ಕೆ ಕೈ ಹಚ್ಚಿದೆ. ಒಣಗಿ ಬೆಚ್ಚಗಾಗಿತ್ತು. ಕಟಿಂಗ್ ವಿಭಾಗದಲ್ಲಿ ಮಳೆಗಾಲದ ತಂಪಿಗೆ ಬಟ್ಟೆ ತೇವ ಹೀರಿಕೊಂಡಿರುತ್ತದೆ. ಬಾಯ್ಲರಿನ ಬಿಸಿಗೆ ಆ ನೀರು ಹೋಗುತ್ತದೆ. ಆರು ಚೀಲಕ್ಕೆ ಎರಡು ಕಿಲೋ ಇನ್ನೂರು ಗ್ರಾಂ ಆದರೆ ಮೂವತ್ತು ಚೀಲಕ್ಕೆ ಹನ್ನೊಂದು ಕಿಲೋ. ಮನೆಗೆ ಹೋಗಿ ನೋಟ್‌ಬುಕ್ ತಿರುವಿದೆ. ಕೊರತೆ ಶುರುವಾದದ್ದು ನಾನು ಚೀಲಗಳನ್ನು ಸ್ಥಳಾಂತರಿಸಿದ ವಾರವೇ. ಯಾರೂ ಏನನ್ನೂ ಒಯ್ದಿರಲಿಲ್ಲ.

ಮರುದಿನ ಮ್ಯಾನೇಜರ್ ನನ್ನ ಲೆಕ್ಕವನ್ನು ಪೂರ್ತಿ ನೋಡಿದರು. ಸಿಟ್ಟಾಗಲಿಲ್ಲ.

"ಚೆನ್ನಾಗಿ ಹಿಡಿದಿದ್ದೀಯ. ಮುಂದಿನ ವಾರದಿಂದ ತೇವಾಂಶಕ್ಕೆ ಒಂದು ಕಾಲಂ ಹಾಕೋಣ."

"ಆ ಅಕ್ಕನ ಮೇಲೆ ಹನ್ನೊಂದು ಕಿಲೋ ಬರ್ದೇವಲ್ಲ ಸರ್, ಅದು?"

"ಬಟ್ಟೆ ಅವಳ ಡಬ್ಬಿಯಲ್ಲಿ ಸಿಕ್ಕಿತೋ ಇಲ್ಲವೋ? ಆ ವಾರದ ಲೆಕ್ಕ ಖರೀದಿದಾರರಿಗೆ ಹೋಗಿಯೇಬಿಟ್ಟಿದೆ. ಒಂದನ್ನು ತಿದ್ದಿದರೆ ಎಲ್ಲವನ್ನೂ ಅನುಮಾನಿಸುತ್ತಾರೆ. ನಿನ್ನ ಸಹಿಯೂ ಇದೆ ಅದರಲ್ಲಿ."

ಭಾನುವಾರ ನಾನು ಹತ್ತಿಮತ್ತೂರಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದಳು. "ಬಾರವಾ, ಕುಂದರು," ಎಂದು ಚಾ ಮಾಡಿಸಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆ ಕಾಗದದಲ್ಲಿ ಎಷ್ಟು ಬರೆದಿತ್ತು ಎಂಬುದನ್ನೂ ಹೇಳಿದೆ.

"ಹಾನಗಲ್ಲ ರಸ್ತಾದಾಗ ಇನ್ನೊಂದ ಹೊಲಿಗಿ ಫ್ಯಾಕ್ಟರಿ ಐತೆಲ್ಲ, ಅಲ್ಲಿ ಹೋಗಿದ್ದೆ. ತಗೋತೇವಿ ಅಂದ್ರು. ಆಮ್ಯಾಲ ನಿಮ್ಮವರಿಗೆ ಫೋನ್ ಮಾಡಿ ಕೇಳಿದ್ರಂತ. ಕಿಲೋಗಟ್ಟಲೆ ಕಳುವು ಮಾಡ್ಯಾಳ ಅಂದ್ರಂತ. ಅಷ್ಟ ನಾ ಹ್ಯಾಂಗ ಹೊತ್ತೆ ಅಂತ ನನಗೂ ತಿಳೀಲಿಲ್ಲ ನೋಡು."

"ತಪ್ಪಾತು, ಅಕ್ಕಾ."

"ತಪ್ಪಾತು ಅಂತ ನನ್ನ ಮುಂದ ಹೇಳಿದ್ರ ಏನ ಬಂತು? ಅದನ್ನ ಬರದ ಕೊಡು. ಈಗ ನನಗೇನ ಹೇಳಿದೆಲ್ಲ, ನೀರು ಆರಿತು, ಯಾರೂ ಒಯ್ದಿಲ್ಲ ಅಂತ, ಅಷ್ಟ. ಕೆಳಗ ನಿನ್ನ ಸಹಿ. ನಾ ಅವರಿಗೆ ತೋರಸ್ತೇನಿ. ದಿನಾ ಬರಿಯಾಕಿ ನೀ, ಇದೊಂದ ಬರಿಯಾಕ ಆಗೂದಿಲ್ಲೇನು?"

ನನ್ನ ಚೀಲದಲ್ಲಿ ನೋಟ್‌ಬುಕ್ಕೂ ಇತ್ತು, ಪೆನ್ನೂ ಇತ್ತು. ಹಾಗೆ ಬರೆದುಕೊಟ್ಟರೆ ಅದು ಶಿಗ್ಗಾವಿಯಲ್ಲಿ ನಮ್ಮ ಮ್ಯಾನೇಜರ್ ಕೈಗೆ ತಲುಪಲು ಎರಡು ದಿನ ಸಾಕು ಎಂದು ಯೋಚಿಸಿದೆ. ನೀಟಾಗಿ ಬರೆದು ಬುಧವಾರ ಬಸ್ಸಿನಲ್ಲಿ ತಂದುಕೊಡುತ್ತೇನೆ ಎಂದೆ. ಅವಳು ನಂಬಿದಳು.

ಬುಧವಾರ ಬೆಳಿಗ್ಗೆ ಅವಳು ನಿಲ್ದಾಣದಲ್ಲಿ ನಿಂತಿದ್ದಳು. ಉಳಿದ ಹೆಂಗಸರು ಏರುವಾಗ ಕಿಟಕಿಯ ಕೆಳಗೆ ಬಂದು, "ತಂದಿಯೇನು?" ಎಂದಳು. ಆಡಿಟ್ ನಡೆದಿದೆ ಅಕ್ಕಾ, ಬರುವ ವಾರ ಎಂದೆ. ಆಡಿಟ್ ನಿಜವಾಗಿಯೂ ನಡೆದಿತ್ತು. ಒಂದು ತುಂಡನ್ನೂ ವ್ಯರ್ಥ ಮಾಡದ ಕಾರ್ಖಾನೆ ಎಂದು ನಮಗೆ ಪ್ರಮಾಣಪತ್ರ ಬಂತು. ನನ್ನ ರಿಜಿಸ್ಟರಿನ ಪುಟಗಳ ಫೋಟೊ ತೆಗೆದುಕೊಂಡು ಹೋದರು.

ಎರಡನೆಯ ಬುಧವಾರ ಮಳೆ ಇತ್ತು. ಅವಳು ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಂದಿದ್ದಳು. ಕಿಟಕಿಯತ್ತ ಕೈ ಚಾಚಿದಳು. ಮರೆತು ಬಂದೆ ಎಂದೆ. ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಮೂರನೆಯ ಬುಧವಾರ ಅವಳು ಬರಲಿಲ್ಲ. ನಿಲ್ದಾಣದ ಆಚೆ ಒಂದು ಟ್ರ್ಯಾಕ್ಟರಿನಲ್ಲಿ ಕಳೆ ಕೀಳಲು ಹೋಗುವ ಹೆಂಗಸರು ನಿಂತಿದ್ದರು. ಅವರ ನಡುವೆ ಅವಳು ಇದ್ದಳೋ ಇಲ್ಲವೋ, ನಾನು ಸರಿಯಾಗಿ ನೋಡಲಿಲ್ಲ. ಬಸ್ಸು ಹೊರಟಾಗ ನನಗೆ ಹಗುರವೆನಿಸಿತು. ಅಂದಿನ ಪುಟದಲ್ಲಿ ಅದನ್ನೇ ಬರೆದಿದ್ದೇನೆ: ಇಂದು ಬರಲಿಲ್ಲ, ಹಗುರವಾಯಿತು.