ಗಾಜಿನ ಕೆಳಗಿನ ಬ್ಲಾಗು

ಹೋದ ವಾರ ನನ್ನ ಆಫೀಸಿನ ಮೇಜಿನ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ಹೊಸದನ್ನು ಕೂರಿಸಲು ಬಂದ ಗಾಜಿನ ಅಂಗಡಿಯವನು ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ನನಗೆ ಹಿಡಿಯಲು ಹೇಳಿ, "ತಾಈ, ಹಾತ್ ಸಾಂಭಾಳಾ" ಅಂದ. ಕೈ ಜೋಪಾನ ಅಂತ. ಗಾಜು ಎದ್ದಿತು. ಅದರ ಅಡಿಗೆ ಅಂಟಿಕೊಂಡು ಒಂದು ಹಳದಿ ಕಾಗದವೂ ಎದ್ದು ಬಂತು.

ಅದು ನನ್ನದೇ ಬರಹ. ಪುಣೆಯ ಕ್ಯಾಂಪ್ ಪೇಟೆಯ ಒಂದು ಬೀಗದಂಗಡಿಯ ಬಗ್ಗೆ ನನ್ನ ಬ್ಲಾಗಿನಲ್ಲಿ ಮರಾಠಿಯಲ್ಲಿ ಬರೆದು, ಮುದ್ರಿಸಿದ್ದ ಪುಟ. ಮೇಲೆ ಕ್ಯಾಲೆಂಡರು, ವಿಸಿಟಿಂಗ್ ಕಾರ್ಡು, ಮಕ್ಕಳ ಫೋಟೋ ಬಂದು ಕೂತು ಅದು ಅಲ್ಲಿರುವುದೇ ಮರೆತುಹೋಗಿತ್ತು. ಅಕ್ಷರಗಳು ಅರ್ಧ ಕಾಗದದಲ್ಲಿ, ಅರ್ಧ ಗಾಜಿನಲ್ಲಿ ಉಳಿದಿದ್ದವು. ಒಂದು ಅಂಚಿನಲ್ಲಿ ಸಾಂಬಾರಿನ ಕಂದು ಕಲೆ. ಗಾಜಿನವನು ನೋಡುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ ಮೂಸಿ ನೋಡಿದೆ. ಏನೂ ವಾಸನೆ ಇರಲಿಲ್ಲ... ಇದ್ದೀತು ಅಂತ ಆಸೆ, ಅಷ್ಟೆ.

ಆ ಮೇಜು ಅಣ್ಣನ ಹೋಟೆಲಿನದು. ಪುಣೆಯಲ್ಲಿ ನಮ್ಮ ಕರಾವಳಿಯವರು ಹೋಟೆಲ್ ಇಟ್ಟರೆ ಊರಿಗೆಲ್ಲ ಅಣ್ಣ ಆಗಿಬಿಡುತ್ತಾರೆ. ನನ್ನ ಅಪ್ಪನ ವಯಸ್ಸಿನ ಅವರನ್ನು ನಾನೂ ಅಣ್ಣಾರ ಎಂದೇ ಕರೆಯುತ್ತಿದ್ದೆ. ದಪ್ಪ ಕನ್ನಡಕ, ಹಣೆಯಲ್ಲಿ ಸಣ್ಣ ಗಂಧದ ಬೊಟ್ಟು, ನೋಯುವ ಮೊಣಕಾಲು. ಹೆಂಡತಿ ಮಕ್ಕಳು ಊರಲ್ಲಿ, ಅವರು ದುಡ್ಡಿನ ಗಲ್ಲೆಯ ಹಿಂದಿನ ಎತ್ತರದ ಸ್ಟೂಲಿನ ಮೇಲೆ. ಎಳೆಯ ವಯಸ್ಸಿನಲ್ಲಿ ಪುಣೆಗೆ ಬಂದವರಂತೆ. ಮರಾಠಿಯನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು, ಓದುವಾಗ ಮಾತ್ರ ಬೆರಳಿಟ್ಟು ಓದುತ್ತಿದ್ದರು.

ಎರಡು ಸಾವಿರದ ಆರೋ ಏಳೋ ಇಸವಿ. ಹೋಟೆಲಿನ ಮೇಲಿನ ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು ನಾನು ಸ್ವಂತ ಕೆಲಸ ಶುರುಮಾಡಿದ್ದೆ. ಅಂಗಡಿಕಾರರಿಗೆ ಕರಪತ್ರ, ಬೋರ್ಡು, ಹಬ್ಬದ ಜಾಹೀರಾತು ಬರೆದುಕೊಡುವ ಕೆಲಸ. ಆದರೆ ಹೆಣ್ಣು ಹುಡುಗಿ ಫೈಲು ಹಿಡಿದು ಅಂಗಡಿ ಮೆಟ್ಟಿಲು ಹತ್ತಿದರೆ ವಿಮೆ ಮಾರಲು ಬಂದಳು ಅಂತ ಕೈ ಆಡಿಸಿ ಕಳಿಸುತ್ತಿದ್ದರು. ಅದಕ್ಕೆ ಒಂದು ಉಪಾಯ ಮಾಡಿದೆ. ವಾರಕ್ಕೊಂದು ಅಂಗಡಿಯ ಕಥೆಯನ್ನು ಬಿಟ್ಟಿಯಾಗಿ ಬ್ಲಾಗಿನಲ್ಲಿ ಬರೆಯುವುದು. ಓದಿದ ವ್ಯಾಪಾರಿಗಳು, ಈ ಹುಡುಗಿಗೆ ನಮ್ಮ ಮಾಲಿನ ಬಗ್ಗೆ ಚೆಂದ ಹೇಳಲು ಬರುತ್ತದೆ ಅಂತ ತಾವಾಗಿ ಹುಡುಕಿಕೊಂಡು ಬರುತ್ತಾರೆ ಎಂಬ ಲೆಕ್ಕ.

ಅಪ್ಪನಿಗೆ ಈ ಲೆಕ್ಕ ಹಿಡಿಸಿರಲಿಲ್ಲ. ಬಿಜಾಪುರ ಕಡೆಯಿಂದ ಬಂದು ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದ ಮನುಷ್ಯ. ಪರಿಚಯದವರಿಗೆ ಹೇಳಿ ಪುಣೆಯಾಚೆ ರಾಂಜಣಗಾಂವದ ಕಾರ್ಖಾನೆಯ ಆಫೀಸಿನಲ್ಲಿ ನನಗೊಂದು ಕುರ್ಚಿ ನೋಡಿಟ್ಟಿದ್ದರು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅನ್ನೂ ಹಂಗ ಆತು ನಿಂದು. ದೀಪಾವಳಿ ತನಕಾ ನೋಡ್ತೀನಿ" ಅಂದಿದ್ದರು. ಅಷ್ಟರೊಳಗೆ ಕೆಲಸ ನಿಲ್ಲದಿದ್ದರೆ ಕೋಣೆಯ ಬೀಗದ ಕೈ ವಾಪಸು, ಬೆಳಗಿನ ಕಂಪನಿ ಬಸ್ಸು. ನನಗೆ ಆ ಬಸ್ಸು ಬೇಡವಾಗಿತ್ತು. ನನ್ನದು ಅಂತ ಇದ್ದದ್ದು ಆ ಒಂದು ಕೋಣೆ.

ಬ್ಲಾಗು ಬರೆದೆ. ಯಾರೂ ಓದಲಿಲ್ಲ. ಪುಟದ ಕೆಳಗೆ ಎಷ್ಟು ಜನ ಬಂದರು ಅಂತ ತೋರಿಸುವ ಒಂದು ಅಂಕಿ ಇರುತ್ತಿತ್ತು. ನಾನೇ ತೆಗೆದಾಗ ಅದು ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಹೋಟೆಲಿನ ಗಲ್ಲಿಯ ವ್ಯಾಪಾರಿಗಳಲ್ಲಿ ಕಂಪ್ಯೂಟರ್ ಇದ್ದವರೇ ಕಡಿಮೆ. ಇದ್ದವರದೂ ಮೇಲೆ ಬಟ್ಟೆ ಹೊದ್ದು ಕೂತಿರುತ್ತಿತ್ತು. ನವರಾತ್ರಿ ಹತ್ತಿರ ಬಂದ ಒಂದು ಸಂಜೆ ಕೆಳಗಿಳಿದು ಕಾಫಿಗೆ ಕೂತಿದ್ದೆ. ಅಣ್ಣ ಗಲ್ಲೆಯಿಂದಲೇ ನೋಡಿದರು.

"ಎಂಥ ಮಾರಾಯ್ತಿ, ಮುಖ ಹುಳಿ ಮಜ್ಜಿಗೆ ಕುಡಿದ ಹಾಗೆ ಉಂಟಲ್ಲ?"

ಹೇಳಿದೆ. ಬ್ಲಾಗು ಅಂದರೇನು ಅಂತಲೂ ಹೇಳಿದೆ. ಎಲ್ಲ ಕೇಳಿ, ತನ್ನ ಮೊಣಕಾಲಿಗೆ ನನ್ನ ಮೆಟ್ಟಿಲು ಆಗುವುದಿಲ್ಲ, ಅದನ್ನೇ ಕೆಳಗೆ ತಕೊಂಡು ಬಾ ಅಂದರು. "ಅದನ್ನ ಕೆಳಗ ತರೂದು ಹೆಂಗ್ರಿ ಅಣ್ಣಾರ, ಕಂಪ್ಯೂಟರ್‌ನ್ಯಾಗ ಇರ್ತದ" ಅಂತ ನಕ್ಕೆ. ಆದರೂ ಮೇಲೆ ಹೋಗಿ ಬೀಗದಂಗಡಿಯ ಪುಟವನ್ನು ಮುದ್ರಿಸಿ ತಂದೆ. ಅವರು ಗಲ್ಲೆ ಬಿಟ್ಟು ಬಂದು ನನ್ನೆದುರು ಕೂತು, ಬೆರಳಿಟ್ಟು, ತುಟಿ ಆಡಿಸುತ್ತ ಓದಿದರು. ಅರ್ಧ ಓದುವಷ್ಟರಲ್ಲಿ ಪಕ್ಕದ ಗಿರಾಕಿಯ ಸಾಂಬಾರಿನ ಬಟ್ಟಲು ಹೊಯ್ದಾಡಿ ಕಾಗದದ ಅಂಚಿಗೆ ಒಂದು ತೊಟ್ಟು ಬಿತ್ತು. ಅಣ್ಣ ಅದನ್ನು ಪಂಚೆಯಲ್ಲಿ ಒರೆಸಿ, ಇನ್ನಷ್ಟು ಕೆಡದಿರಲಿ ಅಂತ ಮೇಜಿನ ಗಾಜು ಎತ್ತಿ ಅದರ ಕೆಳಗೆ ಜಾರಿಸಿದರು. ಉಳಿದದ್ದನ್ನು ಗಾಜಿನ ಮೇಲಿಂದಲೇ ಓದಿ ಮುಗಿಸಿದರು. ತೆಗೆಯಲು ಇಬ್ಬರಿಗೂ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಲು ಹೊರಟವಳು ಹೋಟೆಲಿನ ಕಿಟಕಿಯೊಳಗೆ ನೋಡಿದೆ. ದೋಸೆಗೆ ಕಾಯುತ್ತಿದ್ದವರೊಬ್ಬರು ಮೇಜಿನ ಮೇಲೆ ಬಗ್ಗಿ ಓದುತ್ತಿದ್ದರು. ದೋಸೆ ಬಂದರೂ ತಟ್ಟೆಯನ್ನು ಬದಿಗೆ ಸರಿಸಿ ಓದುತ್ತಿದ್ದರು. ನನ್ನ ಬರಹವನ್ನು ಇನ್ನೊಬ್ಬರು ಓದುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಲ್ಲೇ ನಿಂತುಬಿಟ್ಟೆ.

ಎರಡು ದಿನದಲ್ಲಿ ಬೀಗದಂಗಡಿಯ ಮುದುಕರು ತಮ್ಮದೇ ಕಥೆ ನೋಡಲು ಬಂದರು. ನೋಡಿ, ಒಂದು ಉಪ್ಪಿಟ್ಟು ತಿಂದು, ದೀಪಾವಳಿಗೆ ಕರಪತ್ರ ಬರೆದುಕೊಡು ಅಂದರು. ನನ್ನ ಮೊದಲ ಗಿರಾಕಿ. ಅವರ ಹಿಂದೆ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ, ದರ್ಜಿಯ ಹಿಂದೆ ಕನ್ನಡಕದಂಗಡಿಯವರು. ಇದೇನು ಪೇಪರು ಅಂತ ಯಾರಾದರೂ ಕೇಳಿದರೆ ಅಣ್ಣ ಗಂಭೀರವಾಗಿ, ಇದು ಕಂಪ್ಯೂಟರಿನ ಒಳಗೆ ಬರುವ ಪೇಪರು, ನಮ್ಮಲ್ಲಿ ಮಾತ್ರ ಹೊರಗೆ ಸಿಗುತ್ತದೆ ಅನ್ನುತ್ತಿದ್ದರು. ಹಾಗಲ್ಲ ಎಂದು ನಾನು ತಿದ್ದಲು ಹೋದರೆ, ಸುಮ್ಮನಿರು ಅಂತ ಕಣ್ಣಲ್ಲೇ ಗದರುತ್ತಿದ್ದರು.

ಆಮೇಲೆ ಸೋಮವಾರದ ಬೆಳಗು ನಮ್ಮದಾಯಿತು. ಬಾಗಿಲು ತೆರೆಯುವ ಮುಂಚೆ ಎಲ್ಲ ಮೇಜುಗಳ ಗಾಜು ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಜಿಗೊಂದು ಅಂಗಡಿಯ ಹಾಗೆ ಪುಟಗಳನ್ನು ಬದಲಿಸಿ ಹಾಕುವುದು. ಒಳಗೆ ಕಾವಲಿಗೆ ಮೊದಲ ನೀರು ಚುರ್ ಅನ್ನುತ್ತಿತ್ತು. ಒಂದು ತುದಿ ಅವರು, ಒಂದು ತುದಿ ನಾನು. ಪ್ರತಿ ಸಲ "ಬೆರಳು ಮಾರಾಯ್ತಿ, ಬೆರಳು" ಅನ್ನುತ್ತಿದ್ದರು. ಒಮ್ಮೆ ನಾನು ಪುಟವನ್ನು ನನಗೆ ನೆಟ್ಟಗೆ ಕಾಣುವಂತೆ ಇಟ್ಟೆ. ಅವರು ತಿರುಗಿಸಿ ಇಟ್ಟರು. ಬಡಿಸುವವರ ಕಡೆಗೆ ಅಲ್ಲ, ಕೂತವರ ಕಡೆಗೆ ಮುಖ ಇರಬೇಕು ಅಂದರು. ಬಾಳೆ ಎಲೆ ಹಾಕುವಾಗಲೂ ಅವರ ಮನೆಯಲ್ಲಿ ಹಾಗೇ ಹೇಳಿಕೊಡುತ್ತಿದ್ದರಂತೆ.

ಮೇಜುಗಳಿಗಾಗಿ ಜಗಳವೂ ಶುರುವಾಯಿತು. "ಅಣ್ಣಾ, ಮಾಝಂ ಕುಠಲ್ಯಾ ಟೇಬಲಾವರ?" ನನ್ನದು ಯಾವ ಮೇಜಿಗೆ ಅಂತ ಕೇಳಿಕೊಂಡು ದೊಡ್ಡ ದೊಡ್ಡವರು ಬರುತ್ತಿದ್ದರು. ಕನ್ನಡಕದವರಿಗೆ ಟ್ಯೂಬ್‌ಲೈಟಿನ ಕೆಳಗಿನ ಮೇಜೇ ಬೇಕು. ದರ್ಜಿಯ ಪುಟ ಕೈತೊಳೆಯುವ ಬೇಸಿನ್ನಿನ ಪಕ್ಕಕ್ಕೆ ಹೋದ ವಾರ ಆತ ಚಹಾ ಕುಡಿಯಲೂ ಬರಲಿಲ್ಲ. ಅಣ್ಣ ಮದುವೆ ಮನೆಯ ಯಜಮಾನನ ಹಾಗೆ ಎಲ್ಲರನ್ನೂ ಸಂಭಾಳಿಸುತ್ತಿದ್ದರು. ಮುಂದಿನ ವಾರ ದರ್ಜಿಯನ್ನು ಬಾಗಿಲ ಬಳಿಯ ಮೇಜಿಗೆ ತಂದರು, ಚಹಾ ಮತ್ತೆ ಶುರುವಾಯಿತು. ಬ್ಲಾಗಿನ ಅಂಕಿ ಮಾತ್ರ ಕೂತಲ್ಲೇ ಕೂತಿತ್ತು. ನಾನು ಅದನ್ನು ನೋಡುವುದು ಬಿಟ್ಟೆ.

ದೀಪಾವಳಿಗೆ ಮುಂಚೆ ಅಪ್ಪ ಬಂದರು. ಮೇಲೆ ಕೋಣೆಗೆ ಬರಲಿಲ್ಲ, ಹೋಟೆಲಿನಲ್ಲೇ ಕೂತರು. ಇಡ್ಲಿ ಬರುವ ತನಕ ಮೇಜಿನ ಪುಟ ಓದಿದರು. ತಿಂದು ಮುಗಿಸಿ, ತಟ್ಟೆ ತೆಗೆಸಿ, ಮತ್ತೊಮ್ಮೆ ಮೊದಲಿಂದ ಓದಿದರು. ನಾನು ಗಲ್ಲೆಯ ಪಕ್ಕದಲ್ಲಿ ನಿಂತು ಅಣ್ಣನ ಮುಖ ನೋಡುತ್ತಿದ್ದೆ, ಅಣ್ಣ ಅಡುಗೆಮನೆಯ ಕಡೆ ನೋಡುತ್ತಿದ್ದರು. ಹೋಗುವಾಗ ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, "ರಾಂಜಣಗಾಂವದವರಿಗೆ ಆಕಿ ಬರೂದಿಲ್ಲ ಅಂತ ಹೇಳಿಬಿಡ್ತೀನಿ" ಅಂದರು. ಹೇಳಿದ್ದು ನನಗಲ್ಲ, ಅಣ್ಣನಿಗೆ. ಅಣ್ಣ ಅಪ್ಪನಿಂದ ಬಿಲ್ಲು ತೆಗೆದುಕೊಳ್ಳಲಿಲ್ಲ. ಆ ದಿನ ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಸಮಾಧಾನವಾಗುವಷ್ಟು ಅತ್ತೆ.

ಗಲ್ಲಿಯ ಅಂಗಡಿಗಳೆಲ್ಲ ಆದವು, ಪಕ್ಕದ ಗಲ್ಲಿಯವೂ ಆದವು. ನಿಮ್ಮ ಹೋಟೆಲಿನ ಬಗ್ಗೆ ಬರೆಯುವುದು ಯಾವಾಗ ಅಂತ ಕೇಳಿದರೆ ಅಣ್ಣ ಒಂದೇ ಮಾತು ಹೇಳುತ್ತಿದ್ದರು. ಬಡಿಸುವವನು ಕಡೆಗೆ ಉಣ್ಣುವುದು. ಎಲ್ಲರದೂ ಆಗಲಿ. ಅವರಿಗೆ ಕನ್ನಡ ಪೇಪರು ಒಂದು ದಿನ ತಡವಾಗಿ ಬರುತ್ತಿತ್ತು. ಮರಾಠಿ ಶಾಲೆಯಲ್ಲಿ ಓದಿದ ನನಗೆ ಅಕ್ಷರ ಕಲಿಸಿದ್ದು ಅಮ್ಮ, ತಡವರಿಸದೆ ಓದಲು ಕಲಿತದ್ದು ಅಣ್ಣನ ಆ ಹಳೆ ಪೇಪರಿನಲ್ಲಿ. ಒಂದು ಮಧ್ಯಾಹ್ನ ಪೇಪರು ಮಡಿಸುತ್ತ ಅವರೇ ಮಾತೆತ್ತಿದರು.

"ನನ್ನದು ಬರೆಯುದಾದರೆ ಕನ್ನಡದಲ್ಲಿ ಬರಿ. ಗಿರಾಕಿಗೆ ಬೇಡ. ನಂಗೆ ಓದ್ಲಿಕ್ಕೆ."

ಕೆಲವು ವರ್ಷಕ್ಕೆ ಕಟ್ಟಡದ ಮಾಲೀಕರು ಜಾಗವನ್ನು ಬಿಲ್ಡರಿಗೆ ಕೊಟ್ಟರು. ನನಗೆ ಬೇರೆ ಕಡೆ ಆಫೀಸು ಸಿಕ್ಕಿತು. ಅಣ್ಣನಿಗೆ ಬೇರೆ ಕಡೆ ಹೊಸದಾಗಿ ಒಲೆ ಹಚ್ಚುವ ಮನಸ್ಸಿರಲಿಲ್ಲ, ಮೊಣಕಾಲೂ ಇರಲಿಲ್ಲ. ಪಾತ್ರೆ, ಕಾವಲಿ, ಕುರ್ಚಿ ಎಲ್ಲ ಮಾರಿದರು. ಆ ಮೊದಲ ಮೇಜನ್ನು ಮಾತ್ರ ಟೆಂಪೋದಲ್ಲಿ ಹಾಕಿಸಿ ನನ್ನಲ್ಲಿಗೆ ಕಳಿಸಿದರು. ಯಾವ ಬುದ್ಧಿಯಿಂದಲೋ ಬೀಗದಂಗಡಿಯ ಪುಟವನ್ನೇ ಮತ್ತೆ ಅದರ ಗಾಜಿನ ಕೆಳಗೆ ಇಟ್ಟಿದ್ದರು. ಬಸ್ಸು ಹತ್ತುವಾಗ, ಇನ್ನು ಊರಲ್ಲಿ ಕೂತು ಓದುವುದೇ ಕೆಲಸ, ನಿಧಾನಕ್ಕೆ ಬರಿ ಅಂದರು.

ಬರೆಯಲು ಕೂತೆ. ಎಷ್ಟೋ ಸಲ ಕೂತೆ. ಆದರೆ ನನ್ನ ಕೈ ಮಾಲು ಮಾರಿ ಪಳಗಿದ ಕೈ. ಶುಚಿ, ರುಚಿ, ಹಳೆಯ ನಂಬಿಕೆ ಅಂತಲೇ ಹೊರಡುತ್ತಿತ್ತು. ಮುಚ್ಚಿದ ಹೋಟೆಲಿಗೆ ಜನರನ್ನು ಕರೆಯುವ ಜಾಹೀರಾತು... ಹರಿದು ಹಾಕುತ್ತಿದ್ದೆ. ಫೋನು ಮಾಡಿದಾಗಲೆಲ್ಲ ಅವರು "ನನ್ನದು ಆಯ್ತಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮಳೆ, ಹಲಸಿನಕಾಯಿ, ಮೊಮ್ಮಗಳ ಸುದ್ದಿಗೆ ಹೋಗುತ್ತಿದ್ದರು. ಒಂದು ಸೋಮವಾರ ಅವರ ನಂಬರಿನಿಂದ ಮಗ ಮಾತಾಡಿದ. ಅಪ್ಪ ನಿನ್ನೆ ಊಟ ಮಾಡಿ ಮಲಗಿದವರು ಏಳಲಿಲ್ಲ ಅಂದ. ನೀವು ಏನೋ ಕಳಿಸುವವರಿದ್ದಿರಂತೆ ಅಂತಲೂ ಅಂದ.

ಆಮೇಲೆ ನಾನು ಎಷ್ಟೋ ಅಂಗಡಿಗಳ ಬಗ್ಗೆ ಬರೆದೆ. ಈಗ ಓದುವವರನ್ನು ಎಣಿಸಿ ಕೊಡಲು ಬೇಕಾದಷ್ಟು ಯಂತ್ರಗಳಿವೆ, ಅಂಕಿ ಓಡುತ್ತಲೇ ಇರುತ್ತದೆ. ಆದರೆ ಬೆರಳಿಟ್ಟು, ತುಟಿ ಆಡಿಸಿ, ಸಾಂಬಾರು ಬಿದ್ದರೆ ಪಂಚೆಯಲ್ಲಿ ಒರೆಸಿ ಓದಿದ ಆ ಒಬ್ಬರು ನನಗೆ ಬೇಕು ಅನ್ನಿಸುತ್ತದೆ. ಈ ವಯಸ್ಸಿನಲ್ಲೂ ಬೇಕು ಅನ್ನಿಸುತ್ತದೆ.

ಇವತ್ತು ಬೇಡ ಅಂದೆ, ಗಾಜಿನವನು ಹೊಸ ಗಾಜು ಒರಗಿಸಿಟ್ಟು ಹೋಗಿದ್ದಾನೆ, ಕೂರಿಸಲು ನಾಳೆ ಬರುತ್ತಾನೆ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು ಅಂತ ಕೂತೆ. ಮುದ್ರಿಸಿ, ಬೀಗದಂಗಡಿಯ ಪುಟದ ಪಕ್ಕದಲ್ಲೇ ಇಡುತ್ತೇನೆ. ಮುಖ ನನ್ನ ಕಡೆಗೆ ಅಲ್ಲ, ಎದುರಿನ ಕುರ್ಚಿಯ ಕಡೆಗೆ. ಆ ಕುರ್ಚಿಯಲ್ಲಿ ಕೂರುವ ನನ್ನ ಗಿರಾಕಿಗಳಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಯಾರಾದರೂ ಬೆರಳಿಟ್ಟು ಇದು ಯಾವ ಅಂಗಡಿಯದು ಅಂತ ಕೇಳಿದರೆ, ಆ ಅಂಗಡಿ ಈಗ ಇಲ್ಲ ಅನ್ನಬೇಕು.